ದಕ್ಷಿಣಕ್ಕೆ ತಲೆ

ಗೂಡ್ಸ್ ರೈಲು ಕೂಗಿತು. ಉದ್ದಕ್ಕೆ ಎರಡು ಸಲ, ಮೊಟಕಾಗಿ ಒಂದು ಸಲ, ಮತ್ತೆ ಉಸಿರು ಮುಗಿಯುವವರೆಗೆ ಉದ್ದಕ್ಕೆ.

ಡೇಕೇರಿನಲ್ಲಿ ಮಧ್ಯಾಹ್ನದ ನಿದ್ದೆಗೆ ಮಲಗಿದ್ದ ಮಕ್ಕಳಲ್ಲಿ ಒಂದಿಬ್ಬರು ಕಣ್ಣು ಬಿಟ್ಟರು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ದೊಡ್ಡತಾಯಮ್ಮ ತೊಡೆಯ ಮೇಲಿದ್ದ ಮಗುವಿನ ಬೆನ್ನು ತಟ್ಟುವುದನ್ನು ಅರೆಕ್ಷಣ ನಿಲ್ಲಿಸಿ ಕಿವಿ ಕೊಟ್ಟಳು. ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಗೆ ಬಂದು ನೆಲೆಸಿದ ಮೇಲೆ ಜನ ಓಡಾಡುವ ಬಾರ್ಟ್ ರೈಲಿನ ಸುಂಯ್ ಎನ್ನುವ ಸದ್ದು ಅವಳಿಗೆ ಗೋಡೆ ಗಡಿಯಾರದ ಸದ್ದಿನಷ್ಟೇ ಸಲೀಸಾಗಿಬಿಟ್ಟಿತ್ತು. ಈ ಗೂಡ್ಸಿನ ಕೂಗು ಮಾತ್ರ ಹಾಗಲ್ಲ. ಇದೇ ಕೂಗನ್ನು ಅವಳು ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಗಿಡವಿಲ್ಲದ, ಗುಡ್ಡವಿಲ್ಲದ, ಎತ್ತ ನೋಡಿದರೂ ಆಕಾಶ ನೆಲಕ್ಕೆ ತಾಗಿಕೊಂಡೇ ಇರುವ ಒಂದು ಬಯಲಿನಲ್ಲಿ ಕೇಳಿದ್ದಳು. ಗೋಧಿ ತುಂಬಿಕೊಳ್ಳಲು ಬರುವ ರೈಲು ಅಲ್ಲಿ ಹೀಗೇ ಕೂಗುತ್ತಿತ್ತು. ಆ ಬಯಲಿನಲ್ಲೇ ಅವಳ ಗಂಡನನ್ನು ಮಣ್ಣು ಮಾಡಿದ್ದರು. ಮಾಡಿದ್ದರು ಎಂದು ಅವಳು ನಂಬಿದ್ದಳು. ಕಣ್ಣಾರೆ ಕಂಡಿರಲಿಲ್ಲ.

ಆ ನಂಬಿಕೆಯನ್ನು ಇನ್ನು ಹಾಗೇ ಇಟ್ಟುಕೊಂಡು ಕೂರಲಾಗದು ಎನ್ನಿಸಿದ್ದು ಹಿಂದಿನ ದಿನ, ಮಹಾಲಯ ಅಮಾವಾಸ್ಯೆಯಂದು. ಅದಕ್ಕೆ ಕಾರಣನಾದವನು ಅಳಿಯ ಜಗನ್. ಪಾಪ, ಒಳ್ಳೆಯದನ್ನೇ ಮಾಡಲು ಹೋಗಿದ್ದ.

ಪ್ರತಿವರ್ಷದಂತೆ ಅಪಾರ್ಟ್‌ಮೆಂಟಿನ ನಡುಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ತಯಾರಿ ನಡೆದಿತ್ತು. ಮುದ್ದೆ, ಹುರುಳಿ ಬಸ್ಸಾರು, ಕಜ್ಜಾಯ, ವಡೆ. ದೊಡ್ಡತಾಯಮ್ಮ ಅಡುಗೆಮನೆಯಿಂದ ತಟ್ಟೆ ಹಿಡಿದು ಬಂದವಳು ಹಾಗೇ ನಿಂತಳು. ಅವಳ ಅತ್ತೆ ಮಾವ, ಜಗನ್‌ನ ತಂದೆ, ಇವರ ಫೋಟೋಗಳ ಸಾಲಿನಲ್ಲಿ ಈ ಸಲ ಹೊಸದೊಂದು ಫ್ರೇಮು ನಿಂತಿತ್ತು. ಕೋಟು ತೊಟ್ಟ, ಕಿವಿ ಸ್ವಲ್ಪ ಅಗಲವಾಗಿದ್ದ, ನಗು ತಡೆದುಕೊಂಡಂತಿದ್ದ ಒಬ್ಬ ಹುಡುಗ. ಅವಳ ಗಂಡ ನಂಜುಂಡಸ್ವಾಮಿ. ಕೊರಳಿಗೆ ಗಂಧದ ಹಾರ.

"ಇದ್ನ ಯಾರು ಮಡಗಿದ್ದು?"

"ನಾನೇ ಅತ್ತೆ. ನಿಮ್ಮ ಪೆಟ್ಟಿಗೇಲಿದ್ದ ಹಳೇ ಫೋಟೋನ ಸ್ಯಾನ್ ಹೊಸೆಯಲ್ಲಿ ಎನ್‌ಲಾರ್ಜ್ ಮಾಡಿಸ್ದೆ. ನಿಮಗೆ ಸರ್‌ಪ್ರೈಸು."

"ತೆಗೀರಿ."

"ಯಾಕತ್ತೆ? ಪ್ರಿಂಟು ಚೆನ್ನಾಗಿ ಬಂದಿದೆಯಲ್ಲ?"

"ಅವರಿನ್ನೂ ಹಿರೀಕರಿಗೆ ಸೇರಿಲ್ಲ ಕಣಪ್ಪ. ಹಾಲುತುಪ್ಪ ಬಿಡದೇ ಎಡೆ ಹೆಂಗಿಡೋದು?"

ಜಗನ್ ಮುಖ ಸಣ್ಣದಾಯಿತು. ಮಗಳು ಊರ್ಮಿಳಾ ಬಾಳೆಯೆಲೆಯನ್ನು ನೆಲಕ್ಕೆ ಹಾಕಿ ಎದ್ದೇ ನಿಂತಳು. "ಮೂವತ್ತ್ಮೂರು ವರ್ಷ ಆಯ್ತಮ್ಮ! ಎಲ್ಲರ ಮನೇಲೂ ಅಪ್ಪನ ಫೋಟೋಗೆ ಹಾರ ಹಾಕ್ತಾರೆ. ನಂಗೆ ಮಾತ್ರ ಅಪ್ಪ ಪೆಟ್ಟಿಗೆ ಒಳಗೆ. ಊರಲ್ಲಿ ಜನ ಏನು ಆಡ್ಕೋತಿದ್ರು ಗೊತ್ತಾ? ಗಂಡ ಅಮೆರಿಕಾದಲ್ಲಿ ಬೇರೆ ಮದುವೆ ಆಗವ್ನೆ, ಅದಕ್ಕೇ ಇವಳು ಎಡೆ ಇಡಲ್ಲ ಅಂತ."

"ಗೊತ್ತು ಕಣವ್ವ. ನನ್ ಮುಂದೇನೂ ಆಡವ್ರೆ."

ದೊಡ್ಡತಾಯಮ್ಮ ಹಾರ ಬಿಚ್ಚಿ, ಫೋಟೋವನ್ನು ಸೆರಗಿನಿಂದ ಒರೆಸಿ, ತನ್ನ ಕೋಣೆಗೆ ಒಯ್ದಳು. ಒಂಬತ್ತರ ಮೊಮ್ಮಗಳು ಕಾವ್ಯಾ ಊಟದುದ್ದಕ್ಕೂ ಕಜ್ಜಾಯ ಮುರಿಯುತ್ತ ಎಲ್ಲರ ಮುಖ ನೋಡಿದಳು.

ಮಂಡ್ಯದ ಕಡೆಯ ಅವರ ಜನ ಸತ್ತವರನ್ನು ಹೂಳುತ್ತಾರೆ. ಮೂರನೆಯ ದಿನವೋ ಐದನೆಯ ದಿನವೋ ಗುಂಡಿಯ ಹತ್ತಿರ ಹೋಗಿ, ಹಾಲು ತುಪ್ಪ ಬಿಟ್ಟು, ಹೋದವರಿಗೆ ಪ್ರಿಯವಾದದ್ದನ್ನು ಇಟ್ಟು ಬರುತ್ತಾರೆ. ಅದಾದ ಮೇಲೇ ಹೋದವರು ಹಿರಿಯರ ಸಾಲಿಗೆ ಸೇರುವುದು, ಮಾರನೆಯ ವರ್ಷದ ಎಡೆಗೆ ಬರುವುದು. ನಂಜುಂಡಸ್ವಾಮಿಗೆ ಅದೊಂದು ನಡೆದಿರಲಿಲ್ಲ.

ಅವನು ಮಂಡ್ಯದಲ್ಲಿ ಬೆಳೆಗಳ ರೋಗದ ಮೇಲೆ ಕೆಲಸ ಮಾಡುತ್ತಿದ್ದವನು. ಗೋಧಿಗೆ ಹತ್ತುವ ತುಕ್ಕುರೋಗದ ಸಂಶೋಧನೆಗೆಂದು ಎರಡು ವರ್ಷದ ಮಟ್ಟಿಗೆ ನಾರ್ತ್ ಡಕೋಟಾದಲ್ಲಿ ಯುನಿವರ್ಸಿಟಿಯ ಒಂದು ಪ್ರಾಯೋಗಿಕ ಜಮೀನಿಗೆ ಬಂದ. ಊರಿನ ಹೆಸರು ನೋರ್ಬಿ. ಒಂದು ಚರ್ಚು, ಗೋಧಿ ತುಂಬಲು ಮರದಿಂದ ಕಟ್ಟಿದ ಎತ್ತರದ ಕಣಜ, ನಾಲ್ಕೈದು ಬೀದಿ. ಅಲ್ಲಿಂದಾಚೆಗೆ ಗೋಧಿ, ಗೋಧಿ ಮುಗಿದಲ್ಲಿ ಸೊಂಟದೆತ್ತರದ ಹುಲ್ಲು. ದೊಡ್ಡತಾಯಮ್ಮ ಮೊದಲ ದಿನ ಬಾಗಿಲಲ್ಲಿ ನಿಂತು, "ಇದೇನ್ರೀ, ಕಣ್ಣಿಗೆ ಒರಗಿಕೊಳ್ಳಾಕೂ ಏನೂ ಇಲ್ಲ" ಅಂದಿದ್ದಳು. ಅವನು ನಕ್ಕು, ಅವಳನ್ನು ಕರೆದುಕೊಂಡು ಹೋಗಿ, ಗೋಧಿ ತೆನೆಯ ಮೇಲಿನ ಕೆಂಪು ಧೂಳನ್ನು ಬೆರಳಿಗೆ ಹಚ್ಚಿಕೊಂಡು ತೋರಿಸಿದ್ದ. "ಇದನ್ನ ಹಿಡಿಯೋಕೆ ಬಂದಿರೋ ಪೊಲೀಸು ನಾನು."

ಊರ್ಮಿಳಾ ಅಲ್ಲೇ ಹುಟ್ಟಿದಳು. ಅವಳಿಗೆ ಇನ್ನೂ ಕತ್ತು ನಿಂತಿರಲಿಲ್ಲ, ಜನವರಿಯ ಒಂದು ಬೆಳಗ್ಗೆ ನಂಜುಂಡಸ್ವಾಮಿಯ ಕಾರು ಮಂಜಿನ ಮೇಲೆ ಜಾರಿ ಕಾಲುವೆಗೆ ಬಿತ್ತು.

ನೆಲ ಕಲ್ಲಾಗಿತ್ತು. ಆ ಬಯಲಿನಲ್ಲಿ ಚಳಿಗಾಲದಲ್ಲಿ ಸತ್ತವರಿಗೆ ಗುಂಡಿ ತೋಡಲಾಗುತ್ತಿರಲಿಲ್ಲ. ಸ್ಮಶಾನದ ಪಕ್ಕದ ಕಲ್ಲಿನ ಕೋಣೆಯಲ್ಲಿಟ್ಟು, ವಸಂತದಲ್ಲಿ ಮಣ್ಣು ಕರಗಿದ ಮೇಲೆ ಹೂಳುತ್ತಿದ್ದರು. ವಸಂತದವರೆಗೆ ಇರಲು ದೊಡ್ಡತಾಯಮ್ಮನಿಗೆ ಅಲ್ಲಿ ಏನಿತ್ತು? ಮನೆ ಯುನಿವರ್ಸಿಟಿಯದು, ವೀಸಾ ಗಂಡನದು, ಕಂಕುಳಲ್ಲಿ ಕೂಸು. ಮಾವನಿಂದ ತಂತಿ ಬಂತು: ಮಗುವನ್ನು ಕರೆದುಕೊಂಡು ಹೊರಟು ಬಾ.

ಹೊರಡುವ ಹಿಂದಿನ ದಿನ ಅವಳು ಪಕ್ಕದ ಮನೆಯ ಇಂಗಾಳ ಅಡುಗೆಮನೆಗೆ ಹೋದಳು. ಇಂಗಾ ಆಲೂಗೆಡ್ಡೆ ಹಿಟ್ಟಿನಿಂದ ನಮ್ಮ ಹೋಳಿಗೆಯಂಥದ್ದನ್ನು ಲಟ್ಟಿಸುತ್ತಿದ್ದಳು. ಅವಳ ಗಂಡನೇ ಸ್ಮಶಾನದ ಗುಂಡಿ ತೋಡುವವನು. ದೊಡ್ಡತಾಯಮ್ಮನಿಗೆ ಇಂಗ್ಲಿಷ್ ಅಷ್ಟು ಬಾರದು. ಲಟ್ಟಣಿಗೆಯನ್ನು ಇಂಗಾಳ ಕೈಯಿಂದ ತೆಗೆದುಕೊಂಡು, ಮೇಜಿನ ಮೇಲೆ ಮಲಗಿಸಿದಳು. ಬಿಸಿಲು ಬರುತ್ತಿದ್ದ ಕಿಟಕಿಯ ಕಡೆಗೆ ಅದರ ಒಂದು ತುದಿ ತಿರುಗಿಸಿ, ಆ ತುದಿ ಮುಟ್ಟಿ, ತನ್ನ ತಲೆ ಮುಟ್ಟಿಕೊಂಡಳು. "ಹೆಡ್. ಸೌತ್. ಮೈ ಹಸ್ಬೆಂಡ್." ತಲೆ ದಕ್ಷಿಣಕ್ಕೆ ಇರಲಿ. ಇಂಗಾ ಅವಳನ್ನೂ ಲಟ್ಟಣಿಗೆಯನ್ನೂ ನೋಡಿ, ಹಿಟ್ಟಿನ ಕೈಯಲ್ಲೇ ಅವಳ ಕೆನ್ನೆ ಹಿಡಿದು "ಯಾ, ಯಾ" ಅಂದಳು. ಅರ್ಥವಾಗಿ ಅಂದಳೋ, ಸಮಾಧಾನಕ್ಕೆ ಅಂದಳೋ, ದೊಡ್ಡತಾಯಮ್ಮನಿಗೆ ತಿಳಿಯಲಿಲ್ಲ.

ಆಮೇಲೆ ಬದುಕು. ಮಂಡ್ಯದಲ್ಲಿ ಬಾಲವಾಡಿ ಟೀಚರಾಗಿ ಊರ ಮಕ್ಕಳ ಮೂಗು ಒರೆಸಿ, ತನ್ನ ಮಗಳನ್ನು ಓದಿಸಿದಳು. ಇಂಗಾಳಿಗೆ ಬರೆಸಿ ಹಾಕಿದ ಕಾಗದಗಳು ತಲುಪಿದವೋ ಇಲ್ಲವೋ, ಉತ್ತರವಿರಲಿಲ್ಲ. ಹುಟ್ಟಿನಿಂದಲೇ ಅಮೆರಿಕದವಳಾದ ಊರ್ಮಿಳಾ ಮದುವೆಯಾಗಿ ಇಲ್ಲಿಗೆ ಬಂದು ಅಮ್ಮನನ್ನೂ ಕರೆಸಿಕೊಂಡಳು. ಒಂದು ಸಲ ಇಂಟರ್ನೆಟ್ಟಿನಲ್ಲಿ ನೋರ್ಬಿಯ ಸ್ಮಶಾನದ ಹೆಸರುಗಳನ್ನೂ ಹುಡುಕಿದ್ದಳು. ಅಪ್ಪನ ಹೆಸರು ಇರಲಿಲ್ಲ. "ಯುನಿವರ್ಸಿಟಿಯವರು ಬೇರೆ ಎಲ್ಲಾದ್ರೂ ಮಾಡಿರ್ತಾರಮ್ಮ" ಎಂದು ಕಂಪ್ಯೂಟರ್ ಆರಿಸಿದ್ದಳು. ಅದಾದ ಮೇಲೆ ಆ ಮಾತು ಮನೆಯಲ್ಲಿ ಎದ್ದಿರಲಿಲ್ಲ.

ಈಗ ಎದ್ದಿತು. ಡೇಕೇರಿನಿಂದ ಮನೆಗೆ ಬಂದ ದೊಡ್ಡತಾಯಮ್ಮ ಚಪ್ಪಲಿ ಬಿಡುವಾಗಲೇ ಕೂಗಿದಳು.

"ಕಾವ್ಯಾ, ಆ ನಿಮ್ಮ ಡಬ್ಬ ಹಚ್ಚು. ಒಂದೂರಿನ ಫೋನ್ ನಂಬರೆಲ್ಲ ಬೇಕು."

"ಹೋಲ್ ಟೌನಾ? ಅಜ್ಜಿ, ದಟ್ಸ್ ಕ್ರೇಜಿ."

"ಊರಾ ಅದು? ನಮ್ ಕಾಂಪ್ಲೆಕ್ಸಿನಲ್ಲಿ ಇದಕ್ಕಿಂತ ಜಾಸ್ತಿ ಮನೆ ಅವೆ. ಹಚ್ಚು."

ಮನೆಗೆ ಒಂದೇ ಫೋನ್ ಲೈನು. ಕಾವ್ಯಾ ಇಂಟರ್ನೆಟ್ ಹಚ್ಚಿದರೆ ಅಜ್ಜಿಗೆ ಫೋನಿಲ್ಲ; ಅಜ್ಜಿ ಫೋನ್ ಹಿಡಿದರೆ ಕಾವ್ಯಾಳಿಗೆ ಇಂಟರ್ನೆಟ್ ಇಲ್ಲ. ಮಾಡೆಮ್ಮು ಕಿರ್ರೋ ಎಂದು ಕೂಗಿ ಸುಮ್ಮನಾಗುವುದು, ಕಾವ್ಯಾ ನಾಲ್ಕು ನಂಬರು ಗೀಚಿಕೊಳ್ಳುವುದು, ಲೈನು ಕತ್ತರಿಸುವುದು, ಅಜ್ಜಿ ಡಯಲ್ ಮಾಡುವುದು. ಊರ್ಮಿಳಾ, ಜಗನ್ ಆಫೀಸಿನಿಂದ ಬರುವವರೆಗೆ ದಿನವೂ ಇದೇ ಕೆಲಸ. ಜಗನ್‌ನ ಡಾಟ್‌ಕಾಮ್ ಕಂಪನಿಯಲ್ಲಿ ಆಗ ದಿನಕ್ಕೊಂದು ಮೀಟಿಂಗು, ಮೀಟಿಂಗು ಮುಗಿದಾಗಲೆಲ್ಲ ಒಂದೆರಡು ಕುರ್ಚಿ ಖಾಲಿ. ಅವನಿಗೆ ಮನೆಯ ಲೈನು ಯಾಕೆ ಯಾವಾಗಲೂ ಬ್ಯುಸಿ ಎಂದು ಕೇಳುವ ಪುರುಸೊತ್ತೂ ಇರಲಿಲ್ಲ.

"ಹಲೋ. ಐ ಯಾಮ್ ದೊಡ್ಡತಾಯಮ್ಮ. ಕ್ಯಾಲಿಫೋರ್ನಿಯಾ."

ಅತ್ತ ಕಡೆಯವರು ಏನೋ ಮಾರಲು ಬಂದಿದ್ದಾಳೆಂದು ಇಟ್ಟೇಬಿಡುತ್ತಿದ್ದರು. ಎರಡನೆಯ ದಿನದಿಂದ ಅವಳು ಮೊದಲ ಮಾತನ್ನೇ ಬದಲಾಯಿಸಿದಳು: "ನೋ ಸೆಲ್ಲಿಂಗ್. ಓನ್ಲಿ ಆಸ್ಕಿಂಗ್." ಕಾವ್ಯಾ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು. ಆದರೆ ಆ ಮಾತು ಕೆಲಸ ಮಾಡಿತು. ಒಬ್ಬಳು ಮುದುಕಿ, ಇಂಗಾ ತೀರಿಹೋಗಿ ಬಹಳ ವರ್ಷವಾಯಿತು, ಅವಳ ತಮ್ಮನ ಮಗ ಆರ್ವಿಡ್ ಇದ್ದಾನೆ, ಸ್ಮಶಾನದ ಹುಲ್ಲು ಕತ್ತರಿಸುವವನು ಅವನೇ, ಅವನನ್ನು ಕೇಳು ಅಂದಳು. ಇಂಗಾ ಇಲ್ಲ ಎಂದು ಕೇಳಿ ದೊಡ್ಡತಾಯಮ್ಮ ಸ್ವಲ್ಪ ಹೊತ್ತು ಫೋನನ್ನು ಎದೆಗೆ ಒತ್ತಿಕೊಂಡಿದ್ದಳು. ಕೆನ್ನೆಯ ಮೇಲಿನ ಹಿಟ್ಟಿನ ಕೈ ನೆನಪಾಗಿತ್ತು.

ಆರ್ವಿಡ್ ಸಾವಧಾನದ ಮನುಷ್ಯ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಒಂದು ಹೊಲದಷ್ಟು ಜಾಗ ಬಿಡುತ್ತಿದ್ದ. ಅವಳಿಗೆ ತಿಳಿಯದ್ದನ್ನು ಕಾವ್ಯಾ ಸ್ಪೀಕರಿನಲ್ಲಿ ಕೇಳಿ ತನಗೆ ಬಂದ ಕನ್ನಡದಲ್ಲಿ ಹೇಳುತ್ತಿದ್ದಳು.

ಇಲ್ಲ, ಅಂಥ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಇಂಡಿಯಾದ ಒಬ್ಬ ವಿಜ್ಞಾನಿ ಇದ್ದನೆಂದು ಕೇಳಿದ ನೆನಪುಂಟು. ಆಗ ನಾನು ಸೈನ್ಯದಲ್ಲಿದ್ದೆ. ಕ್ಷಮಿಸಬೇಕು.

"ಹಿ ಸೇಸ್ ಸಾರಿ, ಅಜ್ಜಿ. ಇಟ್ಟುಬಿಡ್ಲಾ?"

"ತಾಳು." ದೊಡ್ಡತಾಯಮ್ಮ ಫೋನಿನ ಹತ್ತಿರಕ್ಕೆ ಸರಿದಳು. "ಕೇಳವ್ವ, ಅಲ್ಲಿ ಎಲ್ಲಾರ ತಲೆ ಯಾವ ಕಡೀಕೆ ಮಡಗವ್ರೆ ಅಂತ."

ಕಾವ್ಯಾ ಕೇಳಿದಳು. ಪಶ್ಚಿಮಕ್ಕೆ, ಅಂದ ಆರ್ವಿಡ್. ಎದ್ದು ಕೂತರೆ ಪೂರ್ವ ಕಾಣಬೇಕಲ್ಲ. ಎಲ್ಲರದೂ ಹಾಗೇ.

"ಎಲ್ಲಾರದೂನಾ?"

ಅತ್ತಲಿಂದ ಸಣ್ಣ ನಗು ಬಂತು. ಎಲ್ಲರದೂ ಅಂತಿಲ್ಲ. ಬೇಲಿಯ ಹತ್ತಿರ ಒಬ್ಬ ಅಡ್ಡ ಮಲಗಿದ್ದಾನೆ. ಹೆಸರಿಲ್ಲ, ಹೊಲದಿಂದ ತಂದ ಒಂದು ಗುಂಡುಕಲ್ಲು ಅಷ್ಟೇ. ಪ್ರತಿ ಬೇಸಿಗೆ ಅವನ ಹತ್ತಿರ ಬಂದಾಗ ಯಂತ್ರ ತಿರುಗಿಸಿಕೊಂಡು ನನ್ನ ಸೊಂಟ ಹೋಗುತ್ತದೆ. ಗುಂಡಿ ತೋಡುವಾಗ ಇಂಗಾಳ ಗಂಡ ಕುಡಿದಿದ್ದ ಅಂತ ಊರೆಲ್ಲ ತಮಾಷೆ ಮಾಡುತ್ತಿತ್ತು. ಚರ್ಚಿನವರು ಸರಿ ಮಾಡಿ ಅಂದರಂತೆ. ಇಂಗಾ ಸಲಿಕೆ ಹಿಡಿದುಕೊಂಡು ಅಡ್ಡ ನಿಂತಳಂತೆ, ಮುಟ್ಟಬೇಡಿ ಅಂತ. ಯಾಕೆಂದು ಯಾರಿಗೂ ಹೇಳಲಿಲ್ಲವಂತೆ.

ಕಾವ್ಯಾ ಅಷ್ಟನ್ನೂ ಹೇಳಿ ಮುಗಿಸುವ ಮೊದಲೇ ದೊಡ್ಡತಾಯಮ್ಮ ತಾನೇ ಕೇಳಿದಳು. "ಸ್ಟೋನ್. ಸ್ಟೋನ್ ವಿಚ್ ಸೈಡ್?"

ದಕ್ಷಿಣದ ತುದಿಗೆ, ಅಂದ ಆರ್ವಿಡ್.

ದೊಡ್ಡತಾಯಮ್ಮ ಅಳಲಿಲ್ಲ. ನೆಲದ ಮೇಲೆ ಕೂತು ಎರಡೂ ಕಾಲು ಚಾಚಿದಳು. ಕಾವ್ಯಾ ಗಾಬರಿಯಾಗಿ ನೀರು ತಂದಳು. "ಅಜ್ಜಿ, ಆರ್ ಯು ಓಕೆ?"

"ನಿಮ್ ತಾತ ಸಿಕ್ಕಿದ್ರು ಕಣೆ. ನೆಲ ಯಾವಾಗ ಹೆಪ್ಪುಗಟ್ಟುತ್ತೆ, ಕೇಳು."

ಇನ್ನೊಂದು ತಿಂಗಳು ಮೆತ್ತಗಿರುತ್ತದೆ, ಆಮೇಲೆ ಹೇಳಲಾಗದು, ಅಂದ ಆರ್ವಿಡ್.

ಮಗಳಿಗೂ ಅಳಿಯನಿಗೂ ಹೇಳಿದಾಗ ಮೊದಲು ಇಬ್ಬರೂ ಹಿಗ್ಗಿದರು. ಬರುವ ಬೇಸಿಗೆಗೆ ಎಲ್ಲರೂ ಹೋಗೋಣ ಅಂದರು. ಈಗಲೇ ಹೋಗಬೇಕು ಅಂದಾಗ ಹಿಗ್ಗು ಇಳಿಯಿತು.

"ಅತ್ತೆ, ಅದು ಅವರೇ ಅಂತ ಹೇಗೆ ಹೇಳ್ತೀರಾ? ಪ್ರೂಫ್ ಏನಿದೆ? ಗುಂಡಿ ತೋಡೋನು ನಿಜವಾಗ್ಲೂ ಕುಡಿದಿದ್ರೆ?"

"ಕುಡಿದೋನು ಸಲಿಕೆ ಹಿಡೀತಾನೆ. ಸರಿ ಮಾಡಬ್ಯಾಡಿ ಅಂತ ಹೆಂಡ್ತಿ ಯಾಕೆ ಹಿಡೀತಾಳೆ?"

ಊರ್ಮಿಳಾ ಬೇರೆ ವಾದ ಹೂಡಿದಳು. "ಬೇಸಿಗೇಲಿ ಹೋದ್ರೆ ಏನಮ್ಮ? ಇಷ್ಟು ವರ್ಷ ಕಾದಿದೀಯ. ನಂಗೀಗ ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸು, ರಜೆ ಕೇಳೋ ಹಾಗೇ ಇಲ್ಲ. ಇವ್ರ ಕಂಪನಿ ಇವತ್ತೋ ನಾಳೆಯೋ ಮುಚ್ಚೋ ಹಾಗಿದೆ."

"ಇಷ್ಟು ವರ್ಸ ಎಲ್ಲವ್ರೆ ಅಂತ ಗೊತ್ತಿರ್ನಿಲ್ಲ, ಕಾದೆ. ಗೊತ್ತಾದ ಮೇಲೆ ಇನ್ನೊಂದು ಚಳಿ ಹಂಗೇ ಮಲಗಿಸಲಾ? ಹೆಪ್ಪುಗಟ್ಟಿದ ನೆಲಕ್ಕೆ ಹಾಲು ಬಿಟ್ರೆ ಒಳೀಕೆ ಇಳಿಯಾಕಿಲ್ಲ, ಮೇಲೇ ನಿಂತ್ಕತದೆ. ನಿಮಗೆ ಬಿಡುವಿದ್ರೆ ಬನ್ನಿ. ಇಲ್ದಿದ್ರೆ ನಾನೇ ಹೋಯ್ತೀನಿ."

ಹೋಗುತ್ತೇನೆ ಎನ್ನುವುದು ಬರೀ ಮಾತು ಎಂದುಕೊಂಡರು ಇಬ್ಬರೂ. ಮಾರನೆಯ ಶನಿವಾರ ಗ್ರೋಸರಿಗೆ ಎಂದು ಹೇಳಿ ಹೊರಟ ದೊಡ್ಡತಾಯಮ್ಮ ಬಾರ್ಟ್ ಹತ್ತಿ ಓಕ್ಲೆಂಡಿಗೆ ಹೋದಳು. ಕೇಳಿಕೊಂಡು ಕೇಳಿಕೊಂಡು ದೊಡ್ಡ ರೈಲಿನ ಸ್ಟೇಷನ್ನಿಗೆ ನಡೆದಳು. ಅಲ್ಲಿಂದ ಪೋರ್ಟ್‌ಲೆಂಡಿಗೆ ಒಂದು ರೈಲು, ಪೋರ್ಟ್‌ಲೆಂಡಿನಿಂದ ಬೆಟ್ಟ ದಾಟಿ ಬಯಲಿಗೆ ಇನ್ನೊಂದು. ಟಿಕೆಟ್ಟು ಕೊಟ್ಟವಳು ವಿಮಾನದಲ್ಲಿ ಹೋದರೆ ಬೇಗ ಎಂದು ಬುದ್ಧಿ ಹೇಳಿದಳು. "ನೋ ಪ್ಲೇನ್. ಪ್ಲೇನ್ ಐ ಸಾ ನಥಿಂಗ್" ಅಂದಳು ದೊಡ್ಡತಾಯಮ್ಮ. ಬಂದಾಗ ಕತ್ತಲಲ್ಲಿ ಬಂದಿದ್ದಳು, ಹೋದಾಗ ಕಣ್ಣೀರಲ್ಲಿ ಹೋಗಿದ್ದಳು. ಈ ಸಲ ದಾರಿ ನೋಡಬೇಕಿತ್ತು. ಬಯಲಿನ ಸ್ಟೇಷನ್ನಿಗೆ ಆರ್ವಿಡ್ ಪಿಕಪ್ಪು ತರುವುದೆಂದು ಮಾತಾಯಿತು. ಅವನಿಗೂ ಆ ಅಡ್ಡ ಮಲಗಿದವನ ಕಥೆ ತಿಳಿಯಬೇಕಾಗಿತ್ತು.

ಹೊರಡುವ ದಿನ ಇಳಿಹೊತ್ತಿನಲ್ಲಿ ಬೆಣ್ಣೆ ಕಾಯಿಸಿದಳು. ತುಪ್ಪ ಆರಲು ಬಿಟ್ಟು, ರಾಗಿಹಿಟ್ಟು ಕಟ್ಟಿಕೊಂಡಳು. ಆರ್ವಿಡನ ಒಲೆಯ ಮೇಲೆ ಒಂದು ಮುದ್ದೆ ತಿರುವಿದರಾಯಿತು. ಹುರುಳಿಯೂ ಇತ್ತು. ಹಾಲು ಅಲ್ಲಿಯದೇ ಆಗಲಿ. ಅಲ್ಲಿದ್ದಷ್ಟು ದಿನ ಅವರು ಕುಡಿದ ಹಾಲು ಅದು.

ಸಂಜೆ ಊರ್ಮಿಳಾ ಆಫೀಸಿನಿಂದ ಬೇಗ ಬಂದಳು. ಚೀಲದ ಪಕ್ಕ ಕೂತು ತುಪ್ಪದ ಬಾಟಲಿಯನ್ನೇ ನೋಡಿದಳು.

"ಲಟ್ಟಣಿಗೆ ವಿಷಯ ನಂಗ್ಯಾಕೆ ಹೇಳ್ಲಿಲ್ಲಮ್ಮ, ಇಷ್ಟು ದಿನ?"

"ಇಂಗಾ ಮಾತು ಉಳಿಸ್ಕಂಡಳೋ ಇಲ್ವೋ ನಂಗೇ ಗೊತ್ತಿರ್ನಿಲ್ಲ. ಇಲ್ಲ ಅಂದಿದ್ರೆ ನೀನೂ ನನ್ ಹಂಗೇ ಕೊರಗ್ತಿದ್ದೆ. ಒಬ್ಬರು ಸಾಕು ಅಂತ."

"ನಾನು ಅಪ್ಪನ ಮೇಲೆ ಕೋಪ ಮಾಡ್ಕೊಂಡೇ ದೊಡ್ಡವಳಾದೆ. ನಿನ್ ಮೇಲೂ."

"ಗೊತ್ತು. ಕೋಪ ಮಾಡ್ಕಳಾಕೆ ಬೇರೆ ಯಾರಿದ್ರು ನಿಂಗೆ?" ದೊಡ್ಡತಾಯಮ್ಮ ಬಾಟಲಿಯನ್ನು ಎತ್ತಿ ಮಗಳ ಮುಂದೆ ಹಿಡಿದಳು. "ಬರಕ್ಕಾಗದೋರು ಕೈ ಮುಟ್ಟಿಸಿ ಕಳಿಸ್ತಾರೆ. ಮುಟ್ಟು."

ಊರ್ಮಿಳಾ ಮುಟ್ಟಿದಳು. ಮುಟ್ಟಿದ ಕೈ ತೆಗೆಯಲಿಲ್ಲ. ತುಪ್ಪ ಇನ್ನೂ ಬೆಚ್ಚಗಿತ್ತು. ಕಾವ್ಯಾ ಹೋಮ್‌ವರ್ಕ್ ಬಿಟ್ಟು ಬಂದು, ಕೇಳದೆಯೇ ಅಮ್ಮನ ಕೈಯ ಮೇಲೆ ತನ್ನ ಕೈ ಇಟ್ಟಳು.

ಆಗ ಫೋನು ಬಂತು. ಜಗನ್. ಕಾವ್ಯಾ ಸ್ಪೀಕರಿಗೆ ಹಾಕಿದಳು.

"ಅತ್ತೆ, ಹೊರಟ್ರಾ? ಒಂದ್ನಿಮಿಷ ಕೇಳಿ. ನಾನು ವೆದರ್ ನೋಡ್ದೆ. ಅಲ್ಲಿ ಮುಂದಿನ ವಾರ ಮಂಜು ಬಿದ್ರೂ ಬೀಳಬಹುದಂತೆ. ರೈಲು ಲೇಟಾದ್ರೆ? ಆ ಆರ್ವಿಡ್ ಯಾರೋ ಏನೋ, ನಾವು ಮುಖಾನೇ ನೋಡಿಲ್ಲ."

"ಇಂಗಾಳ ತಮ್ಮನ ಮಗ ಕಣಪ್ಪ."

"ಅದು ಸರಿ. ನಾನೇನ್ ಹೇಳ್ತೀನಿ ಅಂದ್ರೆ, ಒಂದು ವಾರ ಟೈಮ್ ಕೊಡಿ. ಇಲ್ಲಿ ನನ್ ಕೆಲಸ ಹೋದ್ರೂ ಒಳ್ಳೇದೇ, ನಾನೇ ಕರ್ಕೊಂಡು ಹೋಗ್ತೀನಿ."

ಮನೆಯಲ್ಲಿದ್ದ ಮೂವರೂ ನಕ್ಕರು. ಫೋನಿನ ಆಚೆ ಅವನೂ ನಕ್ಕು, ಮತ್ತೆ ಶುರು ಮಾಡಿದ. ಟಿಕೆಟ್ಟು ಹೇಗೆ ಮುಂದಕ್ಕೆ ಹಾಕಿಸಬಹುದು, ಎಲ್ಲೆಲ್ಲಿ ರೈಲು ಬದಲಾಯಿಸುವುದು ಕಷ್ಟ, ಅವಳ ಮೊಣಕಾಲು, ಅವಳ ಬಿಪಿ ಮಾತ್ರೆ. ಮಾತಿನಲ್ಲಿ ಪ್ರೀತಿ ಇತ್ತು. ಕೊನೆ ಇರಲಿಲ್ಲ.

ದೊಡ್ಡತಾಯಮ್ಮ ತುಪ್ಪದ ಬಾಟಲಿಯನ್ನು ಸ್ವೆಟರಿನಲ್ಲಿ ಸುತ್ತಿ ಚೀಲಕ್ಕಿಟ್ಟಳು. ಕೋಣೆಯಿಂದ ಗಂಡನ ಫೋಟೋ ತಂದು ಊರ್ಮಿಳಾಳ ಮಡಿಲಲ್ಲಿಟ್ಟಳು. ಗೋಡೆಯ ಮೇಲೆ ಅತ್ತೆ ಮಾವನ ಫೋಟೋದ ಪಕ್ಕದ ಖಾಲಿ ಜಾಗ ತೋರಿಸಿದಳು.

"ನಾನು ಬರೋ ಹೊತ್ಗೆ ಅಲ್ಲಿ ಒಂದು ಮೊಳೆ ಹೊಡ್ದಿರು."

"ಮೊಳೆನಾ? ಅತ್ತೆ, ಲೀಸಿನಲ್ಲಿ ಗೋಡೆಗೆ ಇನ್ನೊಂದು ಮೊಳೆ ಹೊಡೆಯೋ ಹಾಗಿಲ್ಲ, ಆಮೇಲೆ ಮ್ಯಾನೇಜರು—" ಎಂದಿತು ಫೋನು.

ಅವಳು ಚಪ್ಪಲಿ ಬಿಟ್ಟು, ಕಾವ್ಯಾ ಜೋಡಿಸಿಟ್ಟಿದ್ದ ಬೂಟಿಗೆ ಕಾಲು ತೂರಿಸಿ, ಚೀಲ ಹೆಗಲಿಗೇರಿಸಿ ಬಾಗಿಲು ತೆರೆದಳು. ಬಾರ್ಟ್ ಸ್ಟೇಷನ್ನಿನ ದೀಪಗಳು ರಸ್ತೆಯ ಕೊನೆಯಲ್ಲಿ ಕಾಣುತ್ತಿದ್ದವು. ಹಿಂದಿನಿಂದ ಅಳಿಯನ ದನಿ ಇನ್ನೂ ಬರುತ್ತಿತ್ತು, ಪೋರ್ಟ್‌ಲೆಂಡಿನಲ್ಲಿ ಯಾವ ಪ್ಲಾಟ್‌ಫಾರ್ಮು, ಅಲ್ಲಿ ಯಾರನ್ನು ಕೇಳಬೇಕು, ಅತ್ತೆ, ಕೇಳಿಸ್ತಿದೆಯಾ ಅತ್ತೆ. ಅವಳು ಆಗಲೇ ಮೆಟ್ಟಿಲಿಳಿದು, ಪಾರ್ಕಿಂಗ್ ಲಾಟ್ ದಾಟಿ, ಬೇಗ ಬೇಗ ನಡೆಯುತ್ತಿದ್ದಳು.